ಕೋವಿಯ ಬಾಯಿ ಅಳೆದರು, ಸಿಪಾಯಿಯ ಬಾಯಿ ಮರೆತರು

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಓದಿದವರಿಗೆಲ್ಲ ಈ ಪ್ರಶ್ನೆ ಗೊತ್ತು. 1857ರ ದಂಗೆಗೆ ತಕ್ಷಣದ ಕಾರಣ ಏನು? ಉತ್ತರವೂ ಬಾಯಿಪಾಠ. ಹೊಸ ಎನ್‌ಫೀಲ್ಡ್ ಬಂದೂಕಿನ ತೋಟಾಗಳಿಗೆ ದನದ ಮತ್ತು ಹಂದಿಯ ಕೊಬ್ಬು ಸವರಿದ್ದಾರೆ ಎಂಬ ಸುದ್ದಿ ಹಬ್ಬಿತು, ಹಿಂದೂ ಮುಸ್ಲಿಂ ಸಿಪಾಯಿಗಳು ತಿರುಗಿಬಿದ್ದರು. ನಾವೂ ಹಾಗೆಯೇ ಬರೆದು ಅಂಕ ತೆಗೆದುಕೊಂಡವರು.

ಆದರೆ ಆಗ ಒಂದು ಸಣ್ಣ ಪ್ರಶ್ನೆಯನ್ನು ನಾವೂ ಕೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ. ಗುಂಡಿಗೆ ಕೊಬ್ಬನ್ನು ಯಾಕಾದರೂ ಹಚ್ಚಬೇಕಿತ್ತು? ಸಿಪಾಯಿಗಳ ಜಾತಿ ಕೆಡಿಸಲಿಕ್ಕೆ ಅಂತ ಯಾರೋ ಕೂತು ಹೂಡಿದ ಸಂಚೇ ಅದು? ಅಲ್ಲ. ಅದು ಗುಂಡು ಮಾಡುವವರ ಲೆಕ್ಕಾಚಾರ. ಆ ಲೆಕ್ಕ ಗೊತ್ತಾದರೆ ಈ ಕಥೆ ಬೇರೆಯೇ ಕಾಣುತ್ತದೆ, ಇವತ್ತಿನ ನಮ್ಮ ಊರಿಗೂ ಹತ್ತಿರ ಬರುತ್ತದೆ ಎಂಬುದು ನಮ್ಮ ಅನಿಸಿಕೆ.

ಕೊಡಗು, ಮಲೆನಾಡಿನ ಕಡೆ ಕೇಪಿನ ಕೋವಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅದಕ್ಕೆ ಹಿಂದಿನಿಂದ ತೋಟಾ ತುಂಬುವುದಿಲ್ಲ. ಎಲ್ಲವೂ ನಳಿಗೆಯ ಬಾಯಿಂದಲೇ ಒಳಗೆ ಹೋಗಬೇಕು. ಮೊದಲು ಮದ್ದು, ಆಮೇಲೆ ಗುಂಡು, ಆಮೇಲೆ ಸಲಾಕೆ ಹಾಕಿ ತಳದವರೆಗೆ ತಳ್ಳುವುದು. ಆ ಕಾಲದ ಸೈನ್ಯದ ಬಂದೂಕುಗಳೂ ಹೀಗೆಯೇ ಇದ್ದವು.

ಇಲ್ಲೊಂದು ತೊಡಕು ಇದೆ. ಬಾಯಿಂದ ಸಲೀಸಾಗಿ ಇಳಿಯಬೇಕಾದರೆ ಗುಂಡು ನಳಿಗೆಗಿಂತ ಸಣ್ಣದಿರಬೇಕು. ಗುರಿ ಮುಟ್ಟಬೇಕಾದರೆ ಗುಂಡು ನಳಿಗೆಗೆ ಬಿಗಿಯಾಗಿ ಕೂರಬೇಕು. ಸಣ್ಣದೂ ಆಗಬೇಕು, ಬಿಗಿಯೂ ಆಗಬೇಕು. ಬಾಯಿಂದ ತುಂಬುವ ಕೋವಿಗೆ ಗುಂಡು ಮಾಡುವವರೆಲ್ಲ ನೂರಾರು ವರ್ಷ ತಲೆ ಕೆಡಿಸಿಕೊಂಡಿದ್ದು ಇದೊಂದಕ್ಕೇ.

ಕಂಪನಿ ಸರ್ಕಾರದ ಸಿಪಾಯಿಗಳ ಕೈಯಲ್ಲಿ ಮೊದಲು ಇದ್ದದ್ದು ಬ್ರೌನ್ ಬೆಸ್ ಎಂಬ ಬಂದೂಕು. ನಳಿಗೆಯ ಒಳಗಡೆ ನುಣುಪು. ಅಗಲ ಸುಮಾರು 19 ಮಿಲಿಮೀಟರ್, ಗುಂಡು ಸುಮಾರು 17.5 ಮಿಲಿಮೀಟರ್. ಗುಂಡು ಗಡಗಡ ಅಂತ ಒಳಗೆ ಇಳಿಯುತ್ತಿತ್ತು, ಹೊರಗೆ ಬರುವಾಗ ನಳಿಗೆಗೆ ಬಡಿದುಕೊಂಡು ಯಾವ ದಿಕ್ಕಿಗೋ ಹೋಗುತ್ತಿತ್ತು. ನೂರು ಗಜ ದಾಟಿದ ಮೇಲೆ ಒಬ್ಬನಿಗೆ ಗುರಿಯಿಟ್ಟು ಹೊಡೆಯುವುದು ಅದೃಷ್ಟದ ಮಾತು.

ಇನ್ನೊಂದು ಬಗೆ ರೈಫಲ್. ನಳಿಗೆಯ ಒಳಗೆ ತಿರುಪಿನಂತೆ ಗೆರೆ ಕೊರೆದಿರುತ್ತಾರೆ. ಗುಂಡು ಆ ಗೆರೆಗಳನ್ನು ಕಚ್ಚಿಕೊಂಡು ಬಂದರೆ ಬುಗುರಿಯಂತೆ ಸುತ್ತುತ್ತಾ ನೇರ ಹೋಗುತ್ತದೆ. ಆದರೆ ಕಚ್ಚುವಷ್ಟು ಬಿಗಿಯಾದ ಗುಂಡನ್ನು ಬಾಯಿಂದ ಒಳಗೆ ತಳ್ಳುವುದೇ ಒಂದು ಕಷ್ಟ. ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಸುತ್ತಿ, ಒತ್ತಿ, ಬಡಿದು ಇಳಿಸುವಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಿದ್ದ.

ಈ ತೊಡಕು ಬಿಡಿಸಿದ ದಾರಿಯ ಬಗ್ಗೆ ಒಂದು ಸ್ವಾರಸ್ಯದ ಕಥೆ ಇದೆ. ಬಂದೂಕಿನ ಚರಿತ್ರೆ ಬರೆದವರು ಇದನ್ನು ಮತ್ತೆ ಮತ್ತೆ ಹೇಳುತ್ತಾರೆ. ಜಾನ್ ನಾರ್ಟನ್ ಎಂಬ ಬ್ರಿಟಿಷ್ ಕ್ಯಾಪ್ಟನ್ ದಕ್ಷಿಣ ಭಾರತದಲ್ಲಿದ್ದಾಗ ಇಲ್ಲಿನ ಜನ ಊದುಕೊಳವೆಯಲ್ಲಿ ಬಾಣ ಹೊಡೆಯುವುದನ್ನು ನೋಡಿದನಂತೆ. ಬಾಣದ ಬುಡಕ್ಕೆ ತಾವರೆ ದಂಟಿನ ಮೆತ್ತನೆಯ ತಿರುಳು ಕಟ್ಟಿರುತ್ತಿದ್ದರು. ಊದಿದಾಗ ಆ ತಿರುಳು ಹಿಗ್ಗಿ ಕೊಳವೆಗೆ ಅಂಟಿಕೊಳ್ಳುತ್ತಿತ್ತು. ಗಾಳಿ ಪಕ್ಕದಿಂದ ಸೋರುತ್ತಿರಲಿಲ್ಲ. ಅದನ್ನು ನೋಡಿ ನಾರ್ಟನ್ ಬುಡ ಟೊಳ್ಳಾದ ಸೀಸದ ಗುಂಡು ಮಾಡಿದ. ತುಂಬುವಾಗ ಸಣ್ಣದು, ಮದ್ದು ಸಿಡಿದಾಗ ಬುಡ ಹಿಗ್ಗಿ ಬಿಗಿ.

ಬ್ರಿಟಿಷ್ ಸರ್ಕಾರ ಅವನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದೆ 1840ರ ದಶಕದ ಕೊನೆಗೆ ಕ್ಲೋಡ್ ಎಟಿಯೆನ್ ಮಿನಿಯೆ ಎಂಬ ಫ್ರೆಂಚ್ ಸೇನಾಧಿಕಾರಿ ಅಂಥದ್ದೇ ಗುಂಡು ಮಾಡಿ ಹೆಸರಾದ. ಆಗ ಅದೇ ಬ್ರಿಟಿಷ್ ಸರ್ಕಾರ ಅವನಿಗೆ 20,000 ಪೌಂಡ್ ಕೊಟ್ಟು ಅದನ್ನು ಪಡೆಯಿತು. ಕಥೆ ನಿಜವಾದರೆ, ಮೂಲ ಉಪಾಯ ನಮ್ಮ ಕಡೆಯ ಯಾರೋ ಬೇಟೆಗಾರನದು. ಅವನ ಹೆಸರು ಯಾವ ಕಾಗದದಲ್ಲೂ ಇಲ್ಲ.

ಈ ಗುಂಡಿಗಾಗಿಯೇ ಬಂದದ್ದು 1853ರ ಎನ್‌ಫೀಲ್ಡ್ ರೈಫಲ್. ನಳಿಗೆ 0.577 ಇಂಚು, ಗುಂಡು 0.568 ಇಂಚು. ನಡುವಿನ ಸಂದು ಕಾಲು ಮಿಲಿಮೀಟರ್‌ಗಿಂತಲೂ ಕಡಿಮೆ. ಕಾಗದದ ಒಂದು ಸುರುಳಿಯಲ್ಲಿ ಒಂದು ಕಡೆ ಮದ್ದು, ಇನ್ನೊಂದು ಕಡೆ ಗುಂಡು. ಇದೇ ತೋಟಾ. ಸಿಪಾಯಿ ಮದ್ದಿನ ಕಡೆಯ ತುದಿಯನ್ನು ಹಲ್ಲಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಗೆ ಸುರಿದು, ತೋಟಾವನ್ನು ತಿರುಗಿಸಿ, ಕಾಗದ ಸುತ್ತಿದ ಗುಂಡನ್ನೇ ಒಳಗೆ ತಳ್ಳಬೇಕು. ಕರಿಮದ್ದು ಸುಟ್ಟರೆ ಅರ್ಧಕ್ಕಿಂತ ಹೆಚ್ಚು ಭಾಗ ಮಸಿಯಾಗಿ, ಹೊಗೆಯಾಗಿ ಉಳಿಯುತ್ತದೆ. ನಾಲ್ಕಾರು ಗುಂಡು ಹಾರಿಸುವಷ್ಟರಲ್ಲಿ ನಳಿಗೆಯಲ್ಲಿ ಕಿಟ್ಟ ಕಟ್ಟುತ್ತದೆ. ಇಷ್ಟು ಸಣ್ಣ ಸಂದಿನಲ್ಲಿ ಗುಂಡು ಇಳಿಯಬೇಕು, ಕಿಟ್ಟ ಮೆತ್ತಗಾಗಬೇಕು, ಮದ್ದಿಗೆ ತೇವ ತಾಗಬಾರದು. ಅದಕ್ಕೇ ಗುಂಡಿರುವ ಕಡೆಯ ಕಾಗದವನ್ನು ಕೊಬ್ಬು, ಮೇಣದಲ್ಲಿ ಅದ್ದಿದರು.

ನೋಡಿ, ಕೆಲಸದ ದೃಷ್ಟಿಯಿಂದ ಇದರಲ್ಲಿ ತಪ್ಪೇ ಇಲ್ಲ. ನಳಿಗೆಯನ್ನು ಇಂಚಿನ ಸಾವಿರದ ಒಂದು ಭಾಗದವರೆಗೆ ಅಳೆದಿದ್ದಾರೆ. ಆದರೆ ಆ ತೋಟಾ ಎರಡು ಬಾಯಿಗೆ ಹೋಗುತ್ತಿತ್ತು. ಒಂದು ಕೋವಿಯ ಬಾಯಿ, ಇನ್ನೊಂದು ಸಿಪಾಯಿಯ ಬಾಯಿ. ಎರಡನೆಯದನ್ನು ಯಾರೂ ಕೇಳಲಿಲ್ಲ.

ಹೇಳಿದವರೇ ಇರಲಿಲ್ಲ ಅನ್ನುವಂತೆಯೂ ಇಲ್ಲ. 1853ರಲ್ಲಿ ಇಲ್ಲಿನ ಬಿಸಿಲಿಗೆ ಕೊಬ್ಬು ಕರಗುತ್ತದೆಯೋ ಹೇಗೆ ಅಂತ ನೋಡಲು ಕೆಲವು ತೋಟಾಗಳನ್ನು ಭಾರತಕ್ಕೆ ಕಳಿಸಿದ್ದರು. ಆಗಲೇ ಬಂಗಾಳ ಸೇನೆಯ ಹಿರಿಯ ಅಧಿಕಾರಿ ಕರ್ನಲ್ ಟಕರ್ ಬರೆದು ಎಚ್ಚರಿಸಿದ್ದ. ಹಚ್ಚಿದ ಕೊಬ್ಬು ಇವರ ಜಾತಿ ಧರ್ಮಕ್ಕೆ ಅಡ್ಡಿಯಾಗುವಂಥದ್ದಲ್ಲ ಎಂಬುದು ಖಾತ್ರಿಯಾಗುವ ತನಕ ಭಾರತೀಯ ದಳಗಳಿಗೆ ಇದನ್ನು ಕೊಡುವುದು ಬೇಡ ಎಂಬುದು ಅವನ ಮಾತಿನ ಸಾರ. ಆ ಕಾಗದ ಕಡತ ಸೇರಿತು. ಬಿಸಿಲಿನ ಪರೀಕ್ಷೆ ನಡೆಯಿತು, ಸಿಪಾಯಿಗಳ ಚೀಲದಲ್ಲೇ ತೋಟಾ ಇಟ್ಟು ನೋಡಿದರು. ಚೀಲ ಹೊತ್ತವನನ್ನು ಮಾತ್ರ ಕೇಳಲಿಲ್ಲ. ಮುಂದೆ ವಿಚಾರಣೆ ನಡೆದಾಗ, ಕೊಬ್ಬು ಯಾವ ಪ್ರಾಣಿಯದು ಎಂದು ನೋಡುವ ವಿಶೇಷ ಎಚ್ಚರವನ್ನೇನೂ ವಹಿಸಿರಲಿಲ್ಲ ಎಂಬುದು ಹೊರಬಂತು.

ಸುದ್ದಿ ಒಡೆದದ್ದು 1857ರ ಜನವರಿಯಲ್ಲಿ, ಕಲ್ಕತ್ತೆ ಹತ್ತಿರದ ದಮ್‌ದಮ್‌ನಲ್ಲಿ. ಮದ್ದುಗುಂಡು ಕಾರ್ಖಾನೆಯ ಖಲಾಸಿಯೊಬ್ಬ ಬ್ರಾಹ್ಮಣ ಸಿಪಾಯಿಯ ಹತ್ತಿರ ಅವನ ಚೊಂಬಿನಿಂದ ಕುಡಿಯಲು ನೀರು ಕೇಳಿದ. ಸಿಪಾಯಿ ಜಾತಿ ನೋಡಿ ಕೊಡಲಿಲ್ಲ. ಇನ್ನೇನು ದನದ, ಹಂದಿಯ ಕೊಬ್ಬು ಕಚ್ಚುವವನಿಗೆ ಯಾವ ಜಾತಿ ಎಂದು ಖಲಾಸಿ ಮರುಮಾತಾಡಿದ. ಅಂದಿನ ಸರ್ಕಾರಿ ವರದಿಯಲ್ಲಿ ಆತ ಬರೀ ಖಲಾಸಿ. ಉತ್ತರ ಭಾರತದ ದಲಿತ ಬರಹಗಾರರು ಅವನನ್ನು ಮಾತಾದೀನ್ ಎಂಬ ಹೆಸರಿನಿಂದ ನೆನೆಯುತ್ತಾರೆ. ಪಠ್ಯದಲ್ಲಿ ಕೊಬ್ಬಿನ ಸಾಲು ಉಳಿಯಿತು, ನೀರು ಸಿಗದವನ ಸಾಲು ಉಳಿಯಲಿಲ್ಲ. ಸಿಪಾಯಿಗೆ ಆದದ್ದು ಅನ್ಯಾಯ ಅನ್ನುವಾಗ ಇದನ್ನೂ ಸೇರಿಸಿಯೇ ಹೇಳಬೇಕು. ತನ್ನ ಬಾಯಿಯ ಬಗ್ಗೆ ಯಾರೂ ಯೋಚಿಸಲಿಲ್ಲ ಅಂದವನು ಇನ್ನೊಬ್ಬನ ಒಣಗಿದ ಬಾಯಿಯ ಬಗ್ಗೆ ಯೋಚಿಸಿರಲಿಲ್ಲ.

ಇನ್ನು ನಮ್ಮ ಮುಖ್ಯ ಮಾತಿಗೆ ಬರೋಣ. ಅದೇ ತಿಂಗಳು ದಮ್‌ದಮ್‌ನ ಕವಾಯತು ಮೈದಾನದಲ್ಲಿ ಅಧಿಕಾರಿಯೊಬ್ಬ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ, ನಿಮ್ಮ ದೂರೇನು ಎಂದು ಕೇಳಿದ. ಹೆಚ್ಚಿನವರು ಮುಂದೆ ಬಂದು ಹೇಳಿದರು. ದೂರಷ್ಟೇ ಅಲ್ಲ, ಪರಿಹಾರವನ್ನೂ ಹೇಳಿದರು. ಕೊಬ್ಬಿನ ಬದಲು ಮೇಣ ಮತ್ತು ಎಣ್ಣೆ ಹಚ್ಚಿ, ನಮಗೆ ತಕರಾರಿಲ್ಲ ಅಂದರು. ಮೂರು ವರ್ಷ ಕಡತದಲ್ಲಿ ಮಲಗಿದ್ದ ಪ್ರಶ್ನೆಗೆ, ಬಳಸುವವನನ್ನು ಕೇಳಿದ ದಿನವೇ ಉತ್ತರ ಸಿಕ್ಕಿತು.

ಸರ್ಕಾರ ಒಪ್ಪಿತು ಕೂಡ. ಬೇಕಾದ್ದನ್ನು ಬಜಾರಿನಿಂದ ತಂದು ನೀವೇ ಹಚ್ಚಿಕೊಳ್ಳಿ ಎಂದಿತು. ಆಮೇಲೆ ಹಲ್ಲಿಂದ ಕಚ್ಚುವುದೂ ಬೇಡ, ಕೈಯಿಂದ ಹರಿಯಿರಿ ಎಂದು ಕವಾಯತನ್ನೇ ಬದಲಿಸಿತು. ಆದರೆ ಹೊತ್ತು ಮೀರಿತ್ತು. ಬದಲಿಸುತ್ತಿದ್ದಾರೆ ಅಂದರೆ ಮೊದಲು ಇದ್ದದ್ದು ನಿಜವೇ ಅಂತ ಸಿಪಾಯಿಗಳು ತಿಳಿದರು. ಕೊಬ್ಬಿನ ಅನುಮಾನ ಕಾಗದಕ್ಕೆ ಹತ್ತಿತು. ಇದಕ್ಕೆ ಹೊಳಪು ಯಾಕೆ, ಇದರಲ್ಲೇನು ಬೆರೆಸಿದ್ದಾರೆ ಎಂದರು. ಮಾರ್ಚ್ 29ಕ್ಕೆ ಬರಾಕ್‌ಪುರದಲ್ಲಿ ಮಂಗಲ್ ಪಾಂಡೆ ಬಂದೂಕು ಎತ್ತಿದ. ಏಪ್ರಿಲ್‌ 24ರಂದು ಮೀರತ್‌ನಲ್ಲಿ 90 ಸವಾರರ ಪೈಕಿ 85 ಮಂದಿ ತೋಟಾ ಮುಟ್ಟುವುದಿಲ್ಲ ಅಂದರು. ಅವು ಹೊಸ ಎನ್‌ಫೀಲ್ಡ್ ತೋಟಾಗಳೂ ಅಲ್ಲ, ಅವರು ಮೊದಲಿಂದ ಬಳಸುತ್ತಿದ್ದ ಹಳೇ ಬಗೆಯವು. ನಂಬಿಕೆ ಹೋದ ಮೇಲೆ ಹೊಸದು ಹಳೆಯದು ಅಂತ ವ್ಯತ್ಯಾಸ ಇರುವುದಿಲ್ಲ. ಮೇ 10ಕ್ಕೆ ಮೀರತ್ ಹೊತ್ತಿಕೊಂಡಿತು.

ದಂಗೆಗೆ ತೋಟಾ ಒಂದೇ ಕಾರಣ ಅಲ್ಲ, ನಿಜ. 1856ರಲ್ಲಿ ಅವಧ್ ರಾಜ್ಯವನ್ನು ನುಂಗಿದ್ದು, ಭತ್ಯೆಯ ಸಿಟ್ಟು, ಸಮುದ್ರ ದಾಟಿಸುವ ಹೊಸ ನಿಯಮ, ಎಲ್ಲ ಒಳಗೊಳಗೆ ಕುದಿಯುತ್ತಿತ್ತು. ಅದಕ್ಕೇ ನಾವು ಹೇಳುವುದು, ಸಣ್ಣ ವಿಷಯದಲ್ಲೂ ಜನರನ್ನು ಕೇಳದ ಆಡಳಿತ ದೊಡ್ಡ ವಿಷಯದಲ್ಲಿ ಕೇಳಿರುತ್ತದೆಯೇ?

ದಂಗೆಯ ನಂತರವಾದರೂ ಕಂಪನಿ ಪಾಠ ಕಲಿಯಿತೇ? ನಮ್ಮ ಬಾಗಲಕೋಟೆ ಜಿಲ್ಲೆಯ ಹಲಗಲಿಯನ್ನು ನೋಡಿ. ಅದೇ ವರ್ಷ ಆಯುಧ ಕಾನೂನು ಬಂತು. ಹತಾರ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು, ಇಲ್ಲವಾದರೆ ಒಪ್ಪಿಸಿ ಎಂದರು. ಬೇಟೆ, ಕಾವಲು ನಂಬಿ ಬದುಕಿದ್ದ ಹಲಗಲಿಯ ಬೇಡರಿಗೆ ಹತಾರ ಅಂದರೆ ಕುಲದ ಮಾನ, ಹೊಟ್ಟೆಯ ದಾರಿ. ಮೀರತ್‌ನ ತೋಟಾ ಅವರು ಕಂಡವರಲ್ಲ. ಅಲ್ಲಿನ ಭಯಕ್ಕೆ ಇಲ್ಲಿ ಕಾನೂನು ಮಾಡಿದರು, ಇಲ್ಲಿಯೂ ಯಾರನ್ನೂ ಕೇಳಲಿಲ್ಲ. ಬೇಡರು ಕೊಡುವುದಿಲ್ಲ ಅಂದರು. ನವೆಂಬರ್ ಕೊನೆಗೆ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು, ಆಮೇಲೆ ಹಲವರನ್ನು ಗಲ್ಲಿಗೇರಿಸಿದರು. ಹಲಗಲಿ ಬೇಡರ ಲಾವಣಿಯನ್ನು ಇವತ್ತಿಗೂ ಹಾಡುತ್ತಾರೆ.

ಈಗ ಇದೆಲ್ಲ ಯಾಕೆ ಬರೆದೆವು ಅಂತ ಕೇಳಬಹುದು. ಇವತ್ತಿನದು ಕಂಪನಿ ಸರ್ಕಾರ ಅಲ್ಲ, ನಾವೇ ಓಟು ಹಾಕಿ ಆರಿಸಿದ್ದು. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಆದರೆ ಬಳಸುವವನನ್ನು ಬಿಟ್ಟು ಬಾಕಿಯೆಲ್ಲ ಅಳೆಯುವ ಚಾಳಿ ಹೋಗಿಲ್ಲ. ಪಡಿತರ ಅಂಗಡಿಯ ಬೆರಳಚ್ಚಿನ ಯಂತ್ರ ನೆನಪಿಸಿಕೊಳ್ಳಿ. ಯಂತ್ರ ಸರಿಯಾಗಿಯೇ ಇದೆ. ಆದರೆ ಸಲಿಕೆ, ಸಿಮೆಂಟು, ಸೌದೆ ಹಿಡಿದು ಸವೆದ ಬೆರಳಿನ ಗೆರೆ ಅದಕ್ಕೆ ಕಾಣುವುದಿಲ್ಲ. ಅಕ್ಕಿ ಹೆಚ್ಚು ಬೇಕಾದವರ ಬೆರಳೇ ಹೆಚ್ಚು ಸವೆದಿರುತ್ತದೆ. ಉದ್ಯೋಗ ಖಾತ್ರಿ ಕೆಲಸದಲ್ಲಿ 2023ರಿಂದ ದಿನಕ್ಕೆ ಎರಡು ಸಲ ಆ್ಯಪ್‌ನಲ್ಲಿ ಫೋಟೊ ಹಾಜರಿ ಕಡ್ಡಾಯ ಮಾಡಿದರು. ಕೆರೆ ಅಂಗಳದಲ್ಲಿ, ಗುಡ್ಡದ ಹಿಂದೆ ನೆಟ್‌ವರ್ಕ್ ಸಿಗುತ್ತದೆಯೇ ಎಂಬುದು ಹಾರೆ ಹಿಡಿದವಳಿಗೆ ಗೊತ್ತಿತ್ತು. ಕಚೇರಿಯಲ್ಲಿ ಕೂತವರು ಆಕೆಯನ್ನು ಕೇಳಬೇಕಿತ್ತು.

ಗಲಾಟೆ ಆದ ಮೇಲೆ ಒಟಿಪಿ, ವಿನಾಯಿತಿ, ಬದಲಿ ದಾರಿ ಬರುತ್ತವೆ. ಬರಲಿ, ಒಳ್ಳೆಯದೇ. ಆದರೆ ಅಷ್ಟರಲ್ಲಿ ಎಷ್ಟೋ ಮಂದಿ ಅಕ್ಕಿಯಿಲ್ಲದೆ ಹಿಂದಿರುಗಿ, ಇದೆಲ್ಲ ನಮ್ಮ ಹೆಸರು ತೆಗೆಯುವ ಉಪಾಯ ಅಂತ ನಂಬಿಬಿಟ್ಟಿರುತ್ತಾರೆ. ಆಮೇಲೆ ಒಳ್ಳೆಯ ಯೋಜನೆ ತಂದರೂ ಅದೇ ಅನುಮಾನ.

ಇದರಲ್ಲಿ ನಮ್ಮ ಪಾಲೂ ಇದೆ. ಹೊಸ ಯೋಜನೆಯ ಪ್ರೆಸ್‌ನೋಟ್ ಕೈಗೆ ಬಂದರೆ ನಾವು ವರದಿಗಾರರು ಸಚಿವರ ಮಾತು, ಅಧಿಕಾರಿಯ ಅಂಕಿ ಹಾಕಿ ಸಂಜೆಗೆ ಸುದ್ದಿ ಕಳಿಸುತ್ತೇವೆ. ಅದನ್ನು ಬಳಸಬೇಕಾದ ಒಬ್ಬರನ್ನಾದರೂ ಕೇಳಿ ಬರೆದದ್ದು ಕಡಿಮೆ. ಇನ್ನು ಮುಂದೆ ಕೇಳುತ್ತೇವೆ.

ನೀವೂ ಒಂದು ಕೆಲಸ ಮಾಡಿ. ಮುಂದಿನ ಗ್ರಾಮಸಭೆಯಲ್ಲಿ ಹೊಸ ಯಂತ್ರವೋ ಆ್ಯಪೋ ಕಾರ್ಡೋ ಬಂತು ಅಂದರೆ, ಇದನ್ನು ಮೊದಲು ಯಾರ ಕೈಯಲ್ಲಿ ಕೊಟ್ಟು ನೋಡಿದಿರಿ ಎಂದು ಎದ್ದುನಿಂತು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಟಕರ್‌ನ ಕಾಗದ ಕಡತದಲ್ಲೇ ಉಳಿಯಿತು, ನಿಮ್ಮದು ಹಾಗಾಗದಂತೆ ಅದರ ನಕಲು ಒಂದನ್ನು ಕೈಯಲ್ಲಿ ಇಟ್ಟುಕೊಳ್ಳಿ.