ತಂದೆಯ ಸಹನೆ

ಸಹನೆಯೆಂಬುದು ಕೈಲಾಗದವರ ಗುಣವೆಂದು ಭಾವಿಸುವವರುಂಟು. ತನಗಾದ ಅಪಮಾನವನ್ನು ನುಂಗಿಕೊಳ್ಳುವವನು ಪರರಿಗಾಗುವ ಅನ್ಯಾಯವನ್ನೂ ಕಂಡು ಸುಮ್ಮನಿರುವನೆಂಬುದು ಅವರ ಎಣಿಕೆ. ಆ ಎಣಿಕೆಯನ್ನು ಸುಳ್ಳಾಗಿಸುವ ಒಬ್ಬ ತಂದೆಯನ್ನು ಅಮೆರಿಕದ ಲೇಖಕಿ ಹಾರ್ಪರ್ ಲೀ ಅವರು 1960ರಲ್ಲಿ ಪ್ರಕಟವಾದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯಲ್ಲಿ ಚಿತ್ರಿಸಿದ್ದಾರೆ.

ಅಟಿಕಸ್ ಫಿಂಚ್ ಅಲಬಾಮ ಪ್ರಾಂತದ ಮೇಕೂಂಬ್ ಎಂಬ ಕಲ್ಪಿತ ಊರಿನ ವಕೀಲ. ಐವತ್ತನ್ನು ಸಮೀಪಿಸಿದ ವಿಧುರ. ಮಗ ಜೆಮ್, ಮಗಳು ಸ್ಕೌಟ್. ಕಾಲ 1930ರ ದಶಕ. ಬಿಳಿಯ ಹೆಣ್ಣೊಬ್ಬಳ ಮಾನಭಂಗದ ಆರೋಪ ಹೊತ್ತ ಕರಿಯ ಕೂಲಿಕಾರ ಟಾಮ್ ರಾಬಿನ್‌ಸನ್‌ನ ಪರವಾಗಿ ವಾದಿಸುವ ಹೊಣೆಯನ್ನು ನ್ಯಾಯಾಧೀಶರು ಅವನಿಗೆ ವಹಿಸುತ್ತಾರೆ. ಆ ಹೊಣೆಯನ್ನು ಅವನು ಮನಃಪೂರ್ವಕವಾಗಿ ನಿರ್ವಹಿಸಹೊರಟದ್ದೇ ಊರ ಬಿಳಿಯರಿಗೆ ಸಹಿಸದಾಯಿತು.

ನೆರೆಯ ಮುದುಕಿ ಶ್ರೀಮತಿ ಡುಬೋಸ್ ಮಕ್ಕಳೆದುರಿಗೇ ಅವನನ್ನು ಹೀನಾಯವಾಗಿ ಜರೆಯುತ್ತಾಳೆ. ಅವನಾದರೋ ಟೋಪಿ ತೆಗೆದು ಅವಳಿಗೆ ವಂದಿಸಿಯೇ ಮುಂದೆ ಸಾಗುವವನು. ಸಿಟ್ಟು ತಾಳಲಾರದೆ ಜೆಮ್ ಅವಳ ಹೂಗಿಡಗಳನ್ನು ಕಡಿದುಹಾಕಿದಾಗ ತಂದೆ ಅವನನ್ನು ಅವಳ ಬಳಿಗೇ ಕಳುಹಿಸುತ್ತಾನೆ. ಹುಡುಗ ಒಂದು ತಿಂಗಳ ಕಾಲ ಅವಳಿಗೆ ಪುಸ್ತಕ ಓದಿ ಹೇಳಬೇಕಾಗುತ್ತದೆ. ನೋವಿನ ಉಪಶಮನಕ್ಕೆಂದು ಹತ್ತಿದ ಮಾರ್ಫಿನ್ ಚಟವನ್ನು ಸಾಯುವ ಮುನ್ನ ಗೆಲ್ಲಲು ಆಕೆ ಹೋರಾಡುತ್ತಿದ್ದಳೆಂಬುದು ಆಕೆ ತೀರಿಕೊಂಡ ಮೇಲೆಯೇ ಅವನಿಗೆ ತಿಳಿಯುತ್ತದೆ. ತನ್ನನ್ನು ನಿಂದಿಸಿದವಳ ಧೈರ್ಯವನ್ನು ಅಟಿಕಸ್ ಮಗನಿಗೆ ಆದರ್ಶವಾಗಿ ತೋರಿಸುತ್ತಾನೆ.

ಟಾಮನ ಪ್ರಾಣಕ್ಕೆ ಕುತ್ತು ಬಂದಾಗ ಈ ಸಹನಶೀಲ ಒಂದು ಹೆಜ್ಜೆಯನ್ನೂ ಹಿಂದಿಡುವುದಿಲ್ಲ. ರಾತ್ರಿ ಸೆರೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ದೀಪದ ಬೆಳಕಿನಲ್ಲಿ ಒಬ್ಬನೇ ಕಾವಲು ಕೂರುತ್ತಾನೆ. ಹೆಣ್ಣಿನ ಮುಖದ ಬಲಭಾಗಕ್ಕೆ ಪೆಟ್ಟಾಗಿತ್ತು. ಟಾಮನ ಎಡಗೈಗೆ ಶಕ್ತಿಯಿರಲಿಲ್ಲ. ಹೆಣ್ಣಿನ ತಂದೆ ಬಾಬ್ ಯೂವೆಲ್ ಎಡಚ. ಇಷ್ಟನ್ನು ನ್ಯಾಯಸ್ಥಾನದಲ್ಲಿ ತೋರಿಸಿಕೊಟ್ಟರೂ ಪಂಚರು ಟಾಮನನ್ನೇ ಅಪರಾಧಿಯೆಂದರು. ಮೇಲಿನ ನ್ಯಾಯಾಲಯದ ಆಸೆ ಇನ್ನೂ ಉಳಿದಿರುವಾಗಲೇ, ಸೆರೆಯಿಂದ ತಪ್ಪಿಸಿಕೊಳ್ಳಹೋಗಿ ಅವನು ಗುಂಡಿಗೆ ಬಲಿಯಾದನು.

ಅಟಿಕಸನ ಸಹನೆಗೂ ಒಂದು ಕುಂದುಂಟು. ಯೂವೆಲ್ ಮುಖದ ಮೇಲೆ ಉಗುಳಿದಾಗ ಅವನು ಒರೆಸಿಕೊಂಡು ಸುಮ್ಮನಾದನು. ತನ್ನ ಮೇಲೆ ತೀರಿದ ಆ ರೋಷದಿಂದ ಅವನ ಮಗಳಿಗೆ ಒಂದು ಹೊಡೆತ ತಪ್ಪಿದರೂ ಸಾಕೆಂದು ಬಗೆದನು. ಆದರೆ ರೋಷ ತೀರಿರಲಿಲ್ಲ. ಕತ್ತಲಲ್ಲಿ ಅಟಿಕಸನ ಮಕ್ಕಳ ಮೇಲೆ ಯೂವೆಲ್ ಎರಗಿದನು. ಜೆಮ್‌ನ ತೋಳು ಮುರಿಯಿತು. ತಂದೆ ತಾಳಿಕೊಂಡದ್ದರ ಬೆಲೆಯನ್ನು ಮಕ್ಕಳು ತೆತ್ತರು.

ಅಂದಿನ ರಾತ್ರಿಯೇ ಅಟಿಕಸನ ನಿಜವಾದ ಪರೀಕ್ಷೆ. ಯೂವೆಲ್ ಸತ್ತು ಬಿದ್ದಿದ್ದಾನೆ. ಕೊಂದವನು ತನ್ನ ಮಗನೇ ಎಂದು ತಿಳಿದ ಅಟಿಕಸ್, ವಿಷಯ ನ್ಯಾಯಸ್ಥಾನಕ್ಕೆ ಹೋಗಲೇಬೇಕೆಂದು ಹಟ ಹಿಡಿಯುತ್ತಾನೆ. ಮನೆಗೊಂದು ನ್ಯಾಯ, ಊರಿಗೊಂದು ನ್ಯಾಯವೆಂದರೆ ಮಗನ ಕಣ್ಣನ್ನು ದಿಟ್ಟಿಸಿ ನೋಡುವುದು ಹೇಗೆ? ಮಕ್ಕಳನ್ನು ಉಳಿಸಿದವನು ಜನರ ಕಣ್ಣಿಗೆ ಬೀಳಲಂಜುವ ನೆರೆಯವನಾದ ಬೂ ರ್ಯಾಡ್ಲಿ ಎಂಬುದು ಅರಿವಾದಾಗ ಮಾತ್ರ ಆ ಹಟ ಸಡಿಲುತ್ತದೆ. ಮಗನಿಗಾಗಿ ಬಗ್ಗದ ನಿಯಮ ನಿರಪರಾಧಿಯಾದ ದುರ್ಬಲನೊಬ್ಬನಿಗಾಗಿ ಬಗ್ಗುತ್ತದೆ.

ತನ್ನ ಪಾಲಿನ ನೋವನ್ನು ಸಹಿಸುವುದು, ಪರರ ಪಾಲಿನದಕ್ಕೆ ಅಡ್ಡ ನಿಲ್ಲುವುದು—ಅಟಿಕಸ್ ಮಕ್ಕಳಿಗೆ ಬಿಟ್ಟ ಆಸ್ತಿ ಇದೇ. ಅವನು ಮೊಕದ್ದಮೆಯಲ್ಲಿ ಸೋತನು, ಹಗೆಯನ್ನು ಅಳೆಯುವುದರಲ್ಲಿ ತಪ್ಪಿದನು. ಆದರೂ ಮುರಿದ ತೋಳಿನ ಮಗ ಎಚ್ಚರಗೊಳ್ಳುವಾಗ, ಬೆಳಗಾಗುವವರೆಗೆ ಕದಲದೆ ಹಾಸಿಗೆಯ ಬಳಿ ಕುಳಿತಿರುವವನು ಅವನೇ.