ನೆಲದ ಚಳಿ

ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ಭತ್ತವು ಕಟಾವಾಗಿ, ತ್ಯಾವಣಿಗೆಯ ಸುತ್ತಣ ಗದ್ದೆಗಳಲ್ಲಿ ಕೂಳೆ ಮಾತ್ರ ಉಳಿದಿರುವ ಮಾಗಿಯ ದಿನಗಳಲ್ಲಿ, ಬಯಲುಸೀಮೆಯಿಂದ ಮಂದೆಯೊಡನೆ ಬರುವ ಕುರಿಗಾಹಿಗಳು ರೈತರ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿ, ಅಲ್ಲಿಯೇ ಇರುಳು ಕಳೆಯುವುದನ್ನು ಈ ಪ್ರಾಂತದವರೆಲ್ಲರೂ ಬಲ್ಲರು. ಅವರು ಮಲಗುವ ಕ್ರಮವನ್ನು ಸಾವಧಾನದಿಂದ ಗಮನಿಸಿದವರು ವಿರಳ. ತಂಪುಗಾಳಿಯೂ ಇಬ್ಬನಿಯೂ ಬಂದು ನಿಲ್ಲತಕ್ಕ ತಗ್ಗನ್ನು ತೊರೆದು, ಒಣಗಿದ ಎತ್ತರದ ತಾಣವನ್ನಾಯ್ದು, ಹುಲ್ಲು ಹರಡಿ, ಅದರ ಮೇಲೆ ಕಂಬಳಿ ಹಾಸಿದ ಬಳಿಕವೇ ಅವರಿಗೆ ಹೊದಿಕೆಯ ಯೋಚನೆ. ಮೇಲೊಂದು ತಾಡಪಾಲು ಕಟ್ಟುವುದಾದರೆ ಅದು ಕಟ್ಟಕಡೆಯ ಕೆಲಸ.

ಇತ್ತ, ಉತ್ತರಾಖಂಡದ ಕೇದಾರಕಂಠದಂತಹ, ಸುಮಾರು 3,800 ಮೀಟರ್ ಎತ್ತರದ ಹಿಮಶಿಖರಕ್ಕೆ ಡಿಸೆಂಬರಿನಲ್ಲಿ ಚಾರಣ ಹೊರಡುವ ನಮ್ಮ ತರುಣ ತರುಣಿಯರು, ಊರಿನ ಮಾಗಿಯನ್ನೇ ಚಳಿಯ ಪರಮಾವಧಿಯೆಂದು ತಿಳಿದು ಬೆಳೆದವರು, ಅಂಗಡಿಯಲ್ಲಿ ಮೊದಲು ಟೆಂಟಿನ ಬಣ್ಣಕ್ಕೆ ಮಾರುಹೋಗಿ, ಆಮೇಲೆ ಸ್ಲೀಪಿಂಗ್ ಬ್ಯಾಗನ್ನು ಕೊಂಡು, ಕೈಯಲ್ಲಿ ಉಳಿದ ಅಲ್ಪ ಹಣಕ್ಕೆ ತೆಳುವಾದೊಂದು ಮ್ಯಾಟನ್ನು ತರುತ್ತಾರೆ. ಈ ಅನುಕ್ರಮವು ತಲೆಕೆಳಗಾದುದೆಂಬುದು ನನ್ನ ದೃಢವಾದ ಅಭಿಪ್ರಾಯ. ಚೀಲದೊಳಗಿನ ಬೆಚ್ಚನೆಯ ಗುಣವು ಅದರ ತುಪ್ಪುಳಿನ ನಡುವೆ ಸಿಲುಕಿ ನಿಂತ ಗಾಳಿಯದು. ಮಲಗಿದವನ ಭಾರಕ್ಕೆ ಬೆನ್ನಡಿಯ ತುಪ್ಪುಳು ಅಮರಿಹೋದೊಡನೆ ಆ ಗಾಳಿ ಹೊರಟುಹೋಗಿ, ಎಷ್ಟೇ ಬೆಲೆಯ ಚೀಲವಾದರೂ ಕೆಳಭಾಗದಲ್ಲಿ ಬರಿಯ ಬಟ್ಟೆಯಾಗುತ್ತದೆ, ಮೈಯ ಶಾಖವನ್ನು ನೆಲವು ಇರುಳಿಡೀ ಹೀರುತ್ತದೆ. ಆದುದರಿಂದ ಹಾಸೇ ಪ್ರಧಾನವಾದುದು. ಶಾಖವನ್ನು ತಡೆಯುವ ಅದರ ಸಾಮರ್ಥ್ಯವನ್ನು ‘ಆರ್-ವ್ಯಾಲ್ಯೂ’ ಎಂಬ ಅಂಕದಿಂದ ಸೂಚಿಸುವರು. ಹಿಮದ ಮೇಲೆ ಮಲಗುವವರಿಗೆ ಅದು 5ರ ಆಸುಪಾಸಿನಲ್ಲಿರಬೇಕು. ಎರಡು ಹಾಸುಗಳನ್ನು ಒಂದರ ಮೇಲೊಂದಿಟ್ಟರೆ ಅಂಕಗಳೂ ಕೂಡುತ್ತವೆಯೆಂಬುದು ಬಡ ವಿದ್ಯಾರ್ಥಿಗೆ ದೊಡ್ಡ ಅನುಕೂಲ.

ಚೀಲದ ವಿಷಯದಲ್ಲಿ ಮೋಸಕ್ಕೆ ಅವಕಾಶ ಹೆಚ್ಚು. ಯೂರೋಪಿನಲ್ಲಿ ಇಎನ್ 13537 ಎಂದು ರೂಪುಗೊಂಡು, ತರುವಾಯ ಐಎಸ್‌ಒ 23537 ಎಂದು ಅಂತರರಾಷ್ಟ್ರೀಯವಾದ ಮಾನದಂಡವೊಂದುಂಟು. ಕಾಯಿಸಿದ ಬೊಂಬೆಯನ್ನು ಚೀಲದಲ್ಲಿ ಮಲಗಿಸಿ ಅಳೆಯುವ ಆ ವಿಧಾನವು ‘ಕಂಫರ್ಟ್’, ‘ಲಿಮಿಟ್’, ‘ಎಕ್ಸ್‌ಟ್ರೀಮ್’ ಎಂಬ ಮೂರು ಉಷ್ಣತೆಗಳನ್ನು ಕೊಡುತ್ತದೆ. ಮೊದಲನೆಯದು ಸಾಮಾನ್ಯ ಸ್ತ್ರೀಯೊಬ್ಬಳು ಸುಖವಾಗಿ ನಿದ್ರಿಸಬಹುದಾದ ಮಟ್ಟ. ಎರಡನೆಯದು ಸಾಮಾನ್ಯ ಪುರುಷನೊಬ್ಬನು ಮುದುಡಿಕೊಂಡು ಹೇಗೋ ನಿದ್ರಿಸಬಹುದಾದುದು. ಮೂರನೆಯದಾದರೋ ನಿದ್ರೆಯ ಮಾತಲ್ಲ, ಪ್ರಾಣ ಉಳಿದೀತೆಂಬ ಮಾತು. ಕಂಫರ್ಟ್ ಸೊನ್ನೆಯಿರುವ ಚೀಲದ ಎಕ್ಸ್‌ಟ್ರೀಮ್ ಮೈನಸ್ 20ರ ಸಮೀಪದಲ್ಲಿರುವುದುಂಟು. ಅದನ್ನೇ ದೊಡ್ಡಕ್ಷರಗಳಲ್ಲಿ ಮುದ್ರಿಸಿ ಮಾರುವುದು ಅನ್ಯಾಯ, ಮತ್ತು ಈ ಅನ್ಯಾಯದ ಫಲವನ್ನು ಉಣ್ಣುವವನು ಮೊದಲ ಬಾರಿಗೆ ಹಿಮ ಕಾಣುವ ಹುಡುಗ. ಹೋಗುವ ಸ್ಥಳದ ಅತ್ಯಂತ ಕಡಿಮೆ ಉಷ್ಣತೆಯನ್ನು ವಿಚಾರಿಸಿಕೊಂಡು, ಅದಕ್ಕಿಂತಲೂ ಕೆಳಗಿನ ಕಂಫರ್ಟ್ ಅಂಕದ ಚೀಲವನ್ನೇ ಆರಿಸತಕ್ಕದ್ದು.

ಹಕ್ಕಿಯ ತುಪ್ಪುಳು ಹಗುರ, ಆದರೆ ನೆನೆದರೆ ನಿಷ್ಪ್ರಯೋಜಕ. ಸಹ್ಯಾದ್ರಿಯ ತೇವಕ್ಕೆ ಕೃತಕ ನಾರಿನ ಚೀಲವೇ ವಾಸಿ. ನಮ್ಮ ಕಂಬಳಿಗೆ ಈ ಭಯವಿಲ್ಲ. ಹುಣಸೆಬೀಜದ ಸರಿ ಹಚ್ಚಿ ನೇಯುವ ಚಳ್ಳಕೆರೆಯ ಕಡೆಯ ಕರಿಯ ಕಂಬಳಿಯು ತೇವವನ್ನು ಹೀರಿಕೊಂಡರೂ ಬೆಚ್ಚಗಿರುತ್ತದೆ, ಮಳೆಗೆ ಕೊಪ್ಪೆಯಾಗುತ್ತದೆ. ಅದರ ಭಾರವನ್ನು ಹೊತ್ತು ಹಿಮಾಲಯವನ್ನೇರಿರೆಂದು ನಾನು ಹೇಳಲಾರೆ. ವಾಹನ ತಲಪುವ ಮಲೆನಾಡಿನ ಬಿಡಾರಗಳಿಗೆ ಮಾತ್ರ ಅದಕ್ಕಿಂತ ಒಳ್ಳೆಯ ಹಾಸನ್ನು ನಾನು ಕಾಣೆ.

ಇನ್ನು ಟೆಂಟು. ಅದು ಗಾಳಿ, ಮಳೆ, ಹಿಮಗಳನ್ನು ತಡೆಯಲಿಕ್ಕಿರುವುದೇ ಹೊರತು ಬೆಚ್ಚಗಿಡಲಿಕ್ಕಲ್ಲ. ಎರಡು ಪದರದ್ದಿರಲಿ, ಕಿಂಡಿಗಳು ತೆರೆದಿರಲಿ. ಮುಚ್ಚಿದರೆ ಉಸಿರಿನ ಆವಿಯೇ ಹನಿಗಟ್ಟಿ ಚೀಲವನ್ನು ತೋಯಿಸುವುದು. ಚಳಿಯೆಂದು ಒಳಗೆ ಕೆಂಡವನ್ನಾಗಲಿ ಸ್ಟೌವನ್ನಾಗಲಿ ಇಟ್ಟುಕೊಂಡು ಮಲಗುವುದಂತೂ ಕೂಡದು: ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ವರ್ಷಕ್ಕೆ ನಾಲ್ಕಾರು ರಾತ್ರಿಗಳ ಉಪಯೋಗಕ್ಕಾಗಿ ಅಡಕೆ, ಭತ್ತದ ಚಿಕ್ಕ ಹಿಡುವಳಿಯ ಮನೆಯೊಂದು ಇವೆಲ್ಲವನ್ನೂ ಕೊಳ್ಳಬೇಕೆಂಬುದು ನ್ಯಾಯವಲ್ಲ. ಚನ್ನಗಿರಿ, ಹೊನ್ನಾಳಿ, ದಾವಣಗೆರೆಗಳ ಕಾಲೇಜುಗಳು ಕ್ರಿಕೆಟ್ ಬ್ಯಾಟುಗಳನ್ನು ಇಡುವಂತೆಯೇ ಹತ್ತು ಚೀಲ, ಹತ್ತು ಹಾಸು, ಐದು ಟೆಂಟುಗಳನ್ನು ಕ್ರೀಡಾವಿಭಾಗದಲ್ಲಿಟ್ಟು, ಅಲ್ಪ ಬಾಡಿಗೆಗೆ ವಿದ್ಯಾರ್ಥಿಗಳಿಗೆ ಕೊಡಲಿ. ಹಿಂದಿರುಗಿದ ಚೀಲಗಳನ್ನು ಬಿಸಿಲಿಗೆ ಒಣಗಿಸಿ, ಒತ್ತಿ ಕಟ್ಟಿಡದೆ ಸಡಿಲವಾಗಿ ತೂಗುಹಾಕಲು ಒಂದು ಒಣ ಕೋಣೆಯೂ, ಅದನ್ನು ಕರ್ತವ್ಯವೆಂದು ತಿಳಿದ ಒಬ್ಬ ಸಹಾಯಕನೂ ಇದ್ದರೆ ಅವು ಅನೇಕ ವರ್ಷ ಬಾಳುತ್ತವೆ.