ಡ್ಯಾಂ ಎಷ್ಟೈತಿ?

ಮಳೆಗಾಲದಲ್ಲಿ ಹೊಸಪೇಟೆಯಿಂದ ಕಂಪ್ಲಿಯವರೆಗೆ ಯಾವ ಊರಿನ ಚಹಾದಂಗಡಿಗೆ ಹೋದರೂ ಒಂದು ಪ್ರಶ್ನೆ ಕಿವಿಗೆ ಬೀಳುತ್ತದೆ: ‘ಡ್ಯಾಂ ಎಷ್ಟೈತಿ?’ ಇದಕ್ಕೆ ‘ಚಲೋ ಐತಿ’, ‘ಭಾಳ ಐತಿ’ ಎಂಬ ಉತ್ತರ ನಡೆಯುವುದಿಲ್ಲ. ಅಡಿ ಹೇಳಬೇಕು, ಟಿಎಂಸಿ ಹೇಳಬೇಕು, ಒಳಹರಿವು ಹೊರಹರಿವು ಹೇಳಬೇಕು. 1,633 ಅಡಿ ಎಂದರೆ ತುಂಗಭದ್ರಾ ಜಲಾಶಯ ತುಂಬಿತು ಎಂಬುದು ಶಾಲೆಯ ಮೆಟ್ಟಿಲು ಹತ್ತದ ರೈತನಿಗೂ ಬಾಯಿಪಾಠ. ಯಾರಾದರೂ ಹಳೆಯ ಅಂಕಿ ಒದರಿದರೆ ಪಕ್ಕದವನು ಅಲ್ಲೇ ತಿದ್ದುತ್ತಾನೆ: ‘ಅದು ನಿನ್ನೀದು, ಇವತ್ತಿಂದು ಹೇಳು.’ ಇನ್ನೊಬ್ಬ ಕೇಳುತ್ತಾನೆ: ‘ಪೇಪರ್ನ್ಯಾಗ ಬಂದೈತೋ, ನೀನೇ ಹೇಳಾಕತ್ತೀಯೋ?’

ಎಷ್ಟು? ಎಂದಿನದು? ಯಾರು ಹೇಳಿದ್ದು? ಸಸಿಮಡಿ ಹಾಕುವುದು ಯಾವಾಗ, ಎರಡನೇ ಬೆಳೆಗೆ ಕಾಲುವೆ ನೀರು ಸಿಕ್ಕೀತೇ, ಹೊಳೆದಂಡೆಯ ಪಂಪ್‌ಸೆಟ್ ಎತ್ತಿಡಬೇಕೇ ಎಂಬುದೆಲ್ಲ ಈ ಮೂರು ಪ್ರಶ್ನೆಗಳ ಮೇಲೆ ನಿಂತಿದೆ. ಹಾಗಾಗಿ ರೈತ ಅವನ್ನು ಬಿಟ್ಟುಕೊಡುವುದಿಲ್ಲ. ‘ಮಾಧ್ಯಮ ಸಾಕ್ಷರತೆ’ ಎಂದು ಈಗ ವಿಚಾರ ಸಂಕಿರಣಗಳಲ್ಲಿ ಕರೆಯುವ ವಿದ್ಯೆಯ ತಿರುಳೂ ಇದೇ. ಹೀಗಿರುವಾಗ, ಅದೇ ರೈತನ ಡಿಗ್ರಿ ಓದಿದ ಮಗ ಕೈಯಲ್ಲಿರುವ ಫೋನಿಗೆ ಈ ಮೂರು ಪ್ರಶ್ನೆಗಳಲ್ಲಿ ಒಂದನ್ನೂ ಕೇಳದಿರುವುದು ಯಾಕೆ?

2024ರ ಆಗಸ್ಟ್ 10ರ ರಾತ್ರಿಯನ್ನು ನೆನೆಯೋಣ. ಜಲಾಶಯ ತುಂಬಿತ್ತು. 19ನೇ ಕ್ರಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟು ನೀರಿನ ಪಾಲಾಯಿತು. ಅಣೆಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಒಟ್ಟು ಗೇಟುಗಳು 33, ಹೋದದ್ದು ಒಂದು. ಕಟ್ಟೆ ಭದ್ರವಾಗಿತ್ತು. ವಾರ ಕಳೆಯುವಷ್ಟರಲ್ಲಿ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಆ ಬಾಯಿ ಮುಚ್ಚಿದರು. ಆದರೆ ನಡುರಾತ್ರಿಯಲ್ಲಿ ‘ಗೇಟು ಕಿತ್ತೈತಿ’ ಎಂಬ ಮಾತು ‘ಡ್ಯಾಂ ಒಡೆದೈತಿ’ ಎಂದಾಗಲು ಎಷ್ಟು ಹೊತ್ತು ಬೇಕು? ಎರಡೂ ಎರಡೆರಡು ಪದಗಳ ಸುದ್ದಿ. ಒಂದನ್ನು ಕೇಳಿದವನು ಪಂಪ್‌ಸೆಟ್ ಎತ್ತಿಡುತ್ತಾನೆ, ಇನ್ನೊಂದನ್ನು ಕೇಳಿದವನು ಮಕ್ಕಳನ್ನು ಎತ್ತಿಕೊಂಡು ಕತ್ತಲಲ್ಲಿ ಓಡುತ್ತಾನೆ.

ಸುಳ್ಳು ಸುದ್ದಿಯ ಮಾತು ಬಂದಾಗ ಹಿರಿಯರು ಬೆರಳು ತೋರಿಸುವುದು ಹುಡುಗರ ಕಡೆಗೆ. ಮೊದಲು ಈ ಆರೋಪವನ್ನೇ ತೂಗಿ ನೋಡಬೇಕು. 2016ರ ಅಮೆರಿಕದ ಚುನಾವಣೆಯ ಹೊತ್ತಿನಲ್ಲಿ ಫೇಸ್‌ಬುಕ್ಕಿನಲ್ಲಿ ಸುಳ್ಳು ಸುದ್ದಿ ಹಂಚಿದವರು ಯಾರೆಂದು ಸಂಶೋಧಕರು ಲೆಕ್ಕ ಹಾಕಿದರು. 65 ದಾಟಿದವರು ಅತ್ಯಂತ ಕಿರಿಯ ಗುಂಪಿನವರಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಹಂಚಿದ್ದರು. ನಮ್ಮಲ್ಲೂ ಬೆಳಗಿನ ‘ಶುಭೋದಯ’ದ ಬೆನ್ನಿಗೇ ಮನೆಮದ್ದು, ಇತಿಹಾಸ, ದೇಶಭಕ್ತಿಯ ಫಾರ್ವರ್ಡುಗಳು ಬರುವುದು ಮಾವಂದಿರ ಗುಂಪಿನಿಂದಲೇ ಹೊರತು ಅಳಿಯಂದಿರ ಗುಂಪಿನಿಂದ ಅಲ್ಲ.

ಹಾಗೆಂದು ಹುಡುಗರು ಗಟ್ಟಿ ಎಂದಲ್ಲ. ಅವರ ಸೋಲು ಬೇರೆ ಬಗೆಯದು. ಬೆರಳು ಚುರುಕಾಗಿದ್ದರೆ ಬುದ್ಧಿಯೂ ಚುರುಕು ಎಂದು ಅವರು ನಂಬಿದ್ದಾರೆ, ನಾವೂ ನಂಬಿದ್ದೇವೆ. 2016ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅಮೆರಿಕದ ಮಕ್ಕಳನ್ನು ಪರೀಕ್ಷಿಸಿದಾಗ, ಮಾಧ್ಯಮಿಕ ಶಾಲೆಯವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿ, ‘ಪ್ರಾಯೋಜಿತ’ ಎಂಬ ಪದ ಎದುರಿಗೇ ಇದ್ದರೂ, ಜಾಹೀರಾತನ್ನು ಸುದ್ದಿಯೆಂದೇ ತಿಳಿದರು. ಹುಟ್ಟುತ್ತಲೇ ಫೋನು ಕಂಡ ಮಕ್ಕಳ ಕಥೆ ಇದು.

ನಮ್ಮ ಕಡೆ ಇದಕ್ಕೆ ಇನ್ನೊಂದು ಎಳೆ ಸೇರುತ್ತದೆ, ಅಗತ್ಯ. ಸಂಡೂರಿನ ಹಳ್ಳಿಯೊಂದರಲ್ಲಿ ಡಿಪ್ಲೊಮಾ ಮುಗಿಸಿ ಕುಳಿತ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಗುಡ್ಡದ ಮೇಲೆ ಗಣಿ, ಅತ್ತ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ದುಡಿಮೆ ಎಂಬುದು ಒಂದೇ ದಿನದಲ್ಲಿ ನಿಂತುಹೋಗಬಲ್ಲದು ಎಂಬುದನ್ನು ಮನೆಯವರು ಕಂಡಿದ್ದಾರೆ. ಇಂಥವನ ಫೋನಿಗೆ ‘ಕಂಪನಿಯಲ್ಲಿ ನೇರ ನೇಮಕಾತಿ, ಇಂದೇ ಕೊನೆಯ ದಿನ, ರಿಜಿಸ್ಟ್ರೇಷನ್ ಫೀ ಕಟ್ಟಿ’ ಎಂದು ಬಂದರೆ ಅವನು ಸುಳ್ಳನ್ನು ನಂಬಿದ ಎನ್ನುವುದಕ್ಕಿಂತ ಆಸೆಯನ್ನು ನಂಬಿದ ಎನ್ನುವುದು ಸರಿ. ಹಸಿದ ಹೊಟ್ಟೆಗೆ ಹಳಸಿದ್ದೂ ರುಚಿ. ಸುಳ್ಳು ಕಟ್ಟುವವನು ಮೊದಲು ಓದಿಕೊಳ್ಳುವುದು ನಮ್ಮ ಹಸಿವನ್ನು. ಕೆಲಸದ ಹಸಿವಾದರೆ ಕೆಲಸದ ಸುಳ್ಳು, ಅಂಜಿಕೆಯಾದರೆ ಅಂಜಿಸುವ ಸುಳ್ಳು, ಸಿಟ್ಟಾದರೆ ಸಿಟ್ಟೆಬ್ಬಿಸುವ ಸುಳ್ಳು.

ಅಂಜಿಕೆಯ ಸುಳ್ಳು ಫೋನಿಗಿಂತ ಹಳೆಯದು. ರಾತ್ರಿ ದೆವ್ವ ಬಂದು ಹೆಸರು ಹಿಡಿದು ಕರೆಯುತ್ತದೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡ ಊರುಗಳು ನಮ್ಮವೇ. ಆ ಸುಳ್ಳು ಬಸ್ಸಿನಲ್ಲಿ, ಸಂತೆಯಲ್ಲಿ ನಿಧಾನವಾಗಿ ಸಾಗಿತು. ಬರೆದ ಸುಣ್ಣವಷ್ಟೇ ಖರ್ಚು. ಫೋನು ಬಂದ ಮೇಲೆ ಹಾಗಿರಲಿಲ್ಲ. 2012ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ, ತಮ್ಮ ಮೇಲೆ ದಾಳಿಯಾಗುತ್ತದೆಂಬ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಗುವಾಹಟಿಯ ರೈಲು ಹತ್ತಿದರು. ದಿನಕ್ಕೆ ಐದೇ ಎಸ್ಸೆಮ್ಮೆಸ್ ಎಂದು ಕೇಂದ್ರ ಸರ್ಕಾರ ಕೆಲ ದಿನ ಮಿತಿ ಹಾಕಬೇಕಾಯಿತು.

2018ರ ಹೊತ್ತಿಗೆ ಸುಳ್ಳು ಕಾರಿಗಿಂತ ವೇಗವಾಗಿ ಓಡತೊಡಗಿತ್ತು. ಆ ವರ್ಷ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಹೈದರಾಬಾದ್ ಕಡೆಯಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಕಂಡ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ‘ಮಕ್ಕಳ ಕಳ್ಳರು’ ಎಂಬ ಅನುಮಾನ ವಾಟ್ಸ್‌ಆ್ಯಪ್ ಗುಂಪಿಗೆ ಬಿತ್ತು. ಅವರ ಕಾರು ಮುರ್ಕಿ ಗ್ರಾಮ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಜನ ದಾರಿ ಕಟ್ಟಿ ಹೊಡೆದರು, ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಆ ವರ್ಷ ದೇಶವಿಡೀ ಹರಿದಾಡಿದ ‘ಮಗುವನ್ನು ಬೈಕಿನಲ್ಲಿ ಹೊತ್ತೊಯ್ಯುವ’ ವಿಡಿಯೋ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆಂದೇ ಮಾಡಿದ ಜಾಗೃತಿ ಚಿತ್ರದ್ದಾಗಿತ್ತು. ಕೊನೆಯಲ್ಲಿದ್ದ ಎಚ್ಚರಿಕೆಯ ಮಾತನ್ನು ಯಾರೋ ಕತ್ತರಿಸಿದ್ದರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ಕಳಿಸಬಹುದೆಂಬ ಕಡಿವಾಣ ಪ್ರಕಟಿಸಿತು.

ಎಲ್ಲ ಅಪಾಯವೂ ಸುಳ್ಳಿನಿಂದಲೇ ಬರುತ್ತದೆ ಎಂದೂ ಹೇಳಲಾಗದು. 2019ರ ಫೆಬ್ರುವರಿಯಲ್ಲಿ ಹಂಪಿಯ ವಿಷ್ಣು ದೇವಾಲಯದ ಕಂಬವನ್ನು ಹುಡುಗರು ತಳ್ಳಿ ಕೆಡವುವ ಚಿಕ್ಕ ವಿಡಿಯೋ ನಾಡಿನ ಹೊಟ್ಟೆಗೆ ಬೆಂಕಿ ಹಾಕಿತು. ಅದರಲ್ಲಿ ಕಂಡದ್ದು ನಿಜ. ಆದರೆ ಅವರು ಯಾರು, ಎಲ್ಲಿಯವರು, ಯಾಕೆ ಕೆಡವಿದರು ಎಂಬುದು ಅದರಲ್ಲಿ ಇರಲಿಲ್ಲ. ವಿಡಿಯೋ ಬಿಟ್ಟ ಈ ಖಾಲಿ ಜಾಗವನ್ನು ನೋಡುಗ ತನ್ನ ಸಿಟ್ಟಿನಿಂದ ತುಂಬಿಕೊಳ್ಳುತ್ತಾನೆ. ಪೊಲೀಸರು ನಾಲ್ವರನ್ನು ಹಿಡಿದು ತಂದರು. ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿತು, ಕೆಡವಿದ ಕಂಬಗಳನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿದ್ದಾಯಿತು. ಸಂಚು ಹುಡುಕಿದವರಿಗೆ ಸಿಕ್ಕದ್ದು ಪುಂಡಾಟ.

ಇನ್ನು ಶಾಲೆಯ ಮಾತು. ಹತ್ತು ವರ್ಷ ಮಗುವಿಗೆ ನಾವು ಕಲಿಸುವುದು ಏನು? ಅಚ್ಚಾದದ್ದು ನಿಜ, ಅದನ್ನು ಅಕ್ಷರ ಬಿಡದೆ ಒಪ್ಪಿಸಿದರೆ ಅಂಕ. ‘ಇದನ್ನು ಯಾರು ಬರೆದರು, ಅವರಿಗೆ ಹೇಗೆ ಗೊತ್ತು?’ ಎಂದು ಕೇಳಿದ ಮಗು ಅಧಿಕಪ್ರಸಂಗಿ. ಹದಿನಾರಕ್ಕೆ ಫೋನು ಕೈಗೆ ಬರುತ್ತದೆ. ಅಲ್ಲಿ ಎಲ್ಲವೂ ಒಂದೇ ಅಂದದ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಮೇಲೆ ಸರ್ಕಾರದ ಲಾಂಛನ, ಕೆಳಗೊಂದು ಸಹಿ ಇದ್ದರಂತೂ ಮುಗಿಯಿತು. ಮಗು ನಾವು ಕಲಿಸಿದ್ದನ್ನೇ ಮಾಡುತ್ತದೆ: ನಂಬುತ್ತದೆ, ಒಪ್ಪಿಸುತ್ತದೆ.

ಮುದ್ರೆ ಕಂಡರೆ ನಂಬಬಾರದು ಎಂಬುದನ್ನು ಹಂಪಿಯಂಥ ನೆಲಕ್ಕೆ ಹೊರಗಿನವರು ಬಂದು ಹೇಳಬೇಕಿಲ್ಲ. ಶಾಸನ ಓದುವವರು ‘ಕೂಟ ಶಾಸನ’ ಎಂಬ ಮಾತನ್ನು ಬಳಸುತ್ತಾರೆ. ಭೂಮಿಯ ಹಕ್ಕು ಸಾಧಿಸಲು ಹಿಂದಿನ ರಾಜನ ಹೆಸರಿನಲ್ಲಿ ಆಮೇಲೆ ಕೊರೆಸಿದ ಖೊಟ್ಟಿ ಶಾಸನ ಅದು. ಅದರಲ್ಲೂ ರಾಜಮುದ್ರೆ ಇರುತ್ತದೆ, ವಂಶಾವಳಿ ಇರುತ್ತದೆ, ತಪ್ಪಿದರೆ ನರಕವೆಂಬ ಶಾಪಾಶಯವೂ ಇರುತ್ತದೆ. ವಿದ್ವಾಂಸರು ಹೇಗೆ ಹಿಡಿಯುತ್ತಾರೆ? ಲಿಪಿ ಆ ಕಾಲದ್ದೇ ಎಂದು ನೋಡುತ್ತಾರೆ, ಹೇಳಿದ ತಿಥಿಗೂ ವಾರಕ್ಕೂ ಹೊಂದುತ್ತದೆಯೇ ಎಂದು ಗಣಿಸುತ್ತಾರೆ, ಅದೇ ರಾಜನ ಬೇರೆ ಶಾಸನಗಳ ಪಕ್ಕದಲ್ಲಿಟ್ಟು ತಾಳೆ ಹಾಕುತ್ತಾರೆ. ಗಂಗ ಅರಸರ ಹಲವು ತಾಮ್ರಪಟಗಳು ಕೂಟವೆಂದು ಶಾಸನತಜ್ಞ ಫ್ಲೀಟ್ ವಾದಿಸಿದರು, ಇನ್ನೊಬ್ಬ ಶಾಸನತಜ್ಞ ರೈಸ್ ಒಪ್ಪಲಿಲ್ಲ. ಆ ಜಗಳದಲ್ಲಿ ಕರ್ನಾಟಕದ ಇತಿಹಾಸ ಇನ್ನಷ್ಟು ಗಟ್ಟಿಯಾಯಿತು.

ಇಲ್ಲಿ ಮುಖ್ಯವಾದದ್ದು ತಾಳೆ ಹಾಕುವುದು. 2017ರಲ್ಲಿ ಸ್ಟ್ಯಾನ್‌ಫರ್ಡಿನವರು ಇನ್ನೊಂದು ಅಧ್ಯಯನ ಪ್ರಕಟಿಸಿದರು. ಹತ್ತು ಮಂದಿ ಇತಿಹಾಸಕಾರರು, ಹತ್ತು ಮಂದಿ ಸುದ್ದಿ ಪರಿಶೀಲಕರು, 25 ವಿದ್ಯಾರ್ಥಿಗಳಿಗೆ ಕೆಲವು ಜಾಲತಾಣಗಳನ್ನು ತೋರಿಸಿ ಯಾವುದನ್ನು ನಂಬಬಹುದೆಂದು ಕೇಳಿದರು. ಪಿಎಚ್.ಡಿ. ಪಡೆದ ಇತಿಹಾಸಕಾರರೂ ವಿದ್ಯಾರ್ಥಿಗಳಂತೆಯೇ ಪುಟವನ್ನು ಮೇಲಿನಿಂದ ಕೆಳಗೆ ಓದಿ, ಅದರ ಹೆಸರು, ಚಿಹ್ನೆಗಳ ಅಂದಕ್ಕೆ ಅನೇಕ ಬಾರಿ ಮರುಳಾದರು. ಪರಿಶೀಲಕರು ಅಲ್ಲಿ ನಿಲ್ಲಲೇ ಇಲ್ಲ. ಆ ಪುಟ ಬಿಟ್ಟು ಹೊರಗೆ ಬಂದು, ಇದರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ಹುಡುಕಿದರು, ಬೇಗನೆ ಹಿಡಿದರು. ಪುಟವನ್ನೇ ದಿಟ್ಟಿಸಿ ನೋಡಿದರೆ ಪುಟದ ಸುಳ್ಳು ಕಾಣದು. ಕಂಪ್ಲಿಯ ರೈತ ಮಾಡುವುದೂ ಇದನ್ನೇ. ಹೇಳಿದವನ ಮುಖ ನೋಡಿ ಡ್ಯಾಮಿನ ನೀರು ಅಳೆಯುವುದಿಲ್ಲ, ಪೇಪರು ನೋಡುತ್ತಾನೆ.

ಕಾನೂನು ಸಾಕಲ್ಲವೇ ಎನ್ನುವವರಿದ್ದಾರೆ. 2025ರಲ್ಲಿ ರಾಜ್ಯ ಸರ್ಕಾರದ ಕರಡು ಮಸೂದೆಯೊಂದು ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಜೈಲು ಸೂಚಿಸಿ ಚರ್ಚೆಗೆ ಬಂತು. ಯಾವುದು ಸುಳ್ಳೆಂದು ತೀರ್ಮಾನಿಸುವ ಅಧಿಕಾರ ಸರ್ಕಾರದ ಕೈಗೆ ಹೋದರೆ ಟೀಕೆಯೂ ಸುಳ್ಳಿನ ಪಟ್ಟಿ ಸೇರೀತು ಎಂಬ ಆತಂಕ ಸಣ್ಣದಲ್ಲ. ಹಣ ಸುಲಿಯುವವನಿಗೆ, ಕೊಲೆಗೆ ಪ್ರಚೋದಿಸುವವನಿಗೆ ಶಿಕ್ಷೆ ಆಗಲೇಬೇಕು. ಆದರೆ ಕಾನೂನು ಹೆಣ ಬಿದ್ದ ಮೇಲೆ ಬರುತ್ತದೆ. ಮುರ್ಕಿಯಲ್ಲೂ ಆಮೇಲೆ ಬಂಧನಗಳಾದವು.

ಮೊದಲೇ ಬರಬಲ್ಲದ್ದು ಪಾಠ ಮಾತ್ರ. ಪಕ್ಕದ ಕೇರಳದ ಕಣ್ಣೂರಿನಲ್ಲಿ 2018ರಲ್ಲಿ ಜಿಲ್ಲಾಧಿಕಾರಿ ಮುಂದಾಗಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ‘ಸತ್ಯಮೇವ ಜಯತೇ’ ಎಂಬ ಹೆಸರಿನಲ್ಲಿ ಸುಳ್ಳು ಸುದ್ದಿ ಗುರುತಿಸುವುದನ್ನು ಕಲಿಸಿದರು. ನಮಗೆ ಹೊಸ ಪಠ್ಯಪುಸ್ತಕವೂ ಬೇಡ. ಸಮಾಜ ವಿಜ್ಞಾನದ ತರಗತಿಯಲ್ಲಿ ವಾರಕ್ಕೊಮ್ಮೆ ಮಕ್ಕಳ ಮನೆಗೆ ಬಂದ ಒಂದು ಫಾರ್ವರ್ಡನ್ನು ಕಪ್ಪುಹಲಗೆಯ ಮೇಲೆ ಬರೆದು ತಾಳೆ ಹಾಕಿದರೆ ಸಾಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನ, ಹಸ್ತಪ್ರತಿ ತಜ್ಞರು ಸುತ್ತಲಿನ ತಾಲ್ಲೂಕುಗಳ ಶಿಕ್ಷಕರಿಗೆ ವರ್ಷಕ್ಕೆರಡು ದಿನ ಕೊಟ್ಟರೆ, ಅವರ ವಿದ್ಯೆ ಕಲ್ಲಿನಿಂದ ಫೋನಿಗೆ ಇಳಿದೀತು.

ಒಂದು ಎಚ್ಚರ ಬೇಕು. ಸಂಶಯ ಕಲಿಸಲು ಹೋಗಿ ‘ಎಲ್ಲಾ ಸುಳ್ಳ ಬಿಡ್ರಿ’ ಎಂಬ ಉಡಾಫೆ ಕಲಿಸಬಾರದು. ಅದೂ ಮಂಕು ನಂಬಿಕೆಯ ಇನ್ನೊಂದು ಮುಖ, ಎರಡರಲ್ಲೂ ಹುಡುಕುವ ಶ್ರಮವಿಲ್ಲ. 2024ರ ಆಗಸ್ಟಿನಲ್ಲಿ ಹೊಳೆದಂಡೆಯವರಿಗೆ ಎಚ್ಚರದಿಂದಿರಿ ಎಂದು ಸಾರಿದ್ದು ನಿಜವಾದ ಸುದ್ದಿ. ಅದನ್ನೂ ಸುಳ್ಳೆಂದು ತಳ್ಳಿ ಮಲಗಿದವನನ್ನು ಜಾಣ ಎನ್ನಲಾದೀತೇ? ಎಲ್ಲವನ್ನೂ ಸಂಶಯಿಸುವ ರೈತ ಬಿತ್ತುವುದೇ ಇಲ್ಲ.

ಹೊಸಪೇಟೆಯ, ಸಂಡೂರಿನ, ಕಂಪ್ಲಿಯ ಹುಡುಗ ಹುಡುಗಿಯರೇ, ಮುಂದಿನ ಸಂದೇಶ ಬಂದಾಗ ಬೆರಳು ಒತ್ತುವ ಮೊದಲು ನಿಮ್ಮ ಅಪ್ಪ ಡ್ಯಾಮಿನ ಬಗ್ಗೆ ಕೇಳುವ ಮೂರು ಪ್ರಶ್ನೆ ಕೇಳಿ. ಉತ್ತರ ಸಿಗದಿದ್ದರೆ ಅದನ್ನು ನಿಮ್ಮಲ್ಲೇ ನಿಲ್ಲಿಸಿ. ಮೋಸ ಹೋಗಿದ್ದರೆ ನಾಚಿಕೆಪಟ್ಟು ಮುಚ್ಚಿಡದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮತ್ತು ಅಪ್ಪಂದಿರೇ, ಡ್ಯಾಮಿಗೆ ಕೇಳುವ ಪ್ರಶ್ನೆಯನ್ನು ನಿಮ್ಮ ಫೋನಿಗೂ ಕೇಳಿ. ಮಕ್ಕಳು ನೋಡುತ್ತಿದ್ದಾರೆ.